ಏದುಸಿರು ಅಂದ್ರೆ ನೀರೇ ಅಂದುಕೊಂಡಿದ್ದೆ

ಬೆಂಗಳೂರಿನಲ್ಲಿ ಡಯಾಲಿಸಿಸ್ ಟೆಕ್ನಿಷಿಯನ್ ಆಗಿ ಸೇರಿ ಆಗ ಎರಡು ವರ್ಷ ಆಗಿತ್ತು. ಕಿಡ್ನಿ ಕೆಲಸ ಮಾಡದವರ ರಕ್ತವನ್ನು ಮಷಿನ್‌ನಲ್ಲಿ ಸೋಸಿ, ಮೈಯಲ್ಲಿ ಹೆಚ್ಚಾದ ನೀರು ತೆಗೆಯೋ ಕೆಲಸ. ಸೋಮವಾರ ಬೆಳಗಿನ ಶಿಫ್ಟ್‌ಗೆ ಯಾರಾದರೂ ಏದುಸಿರು ಬಿಡುತ್ತಾ ಬಂದರೆ ಮೈಯಲ್ಲಿ ನೀರು ತುಂಬಿದೆ ಅಂತಲೇ ನನ್ನ ಲೆಕ್ಕ. ಶನಿವಾರ, ಭಾನುವಾರ ಎರಡು ದಿನ ಗ್ಯಾಪ್, ಮನೇಲಿ ಹಪ್ಪಳ ಉಪ್ಪಿನಕಾಯಿ, ಅದರ ಹಿಂದೆ ಬಾಯಾರಿಕೆ. ಹೆಚ್ಚಿನ ಸಲ ಆ ಲೆಕ್ಕ ಸರಿಯೇ ಇರುತ್ತಿತ್ತು.

ಅವತ್ತು ಬಂದವರು ಆಟೊ ಓಡಿಸುವ ಒಬ್ಬ ಅಣ್ಣ. ಶುಕ್ರವಾರ ಬಂದಿರಲಿಲ್ಲ. ಉಸಿರು ಜೋರಾಗಿತ್ತು. ತೂಕವನ್ನೂ ನೋಡದೆ ಮಲಗಿಸಿ, ಮೂರು ಲೀಟರ್ ನೀರು ತೆಗೆಯೋಕೆ ಮಷಿನ್ ಸೆಟ್ ಮಾಡಿಬಿಟ್ಟೆ. ಇನ್ನೇನು ಸೂಜಿ ಹಾಕಬೇಕು, ಸೀನಿಯರ್ ಸಿಸ್ಟರ್ ಬಂದು ನಿಂತರು.

"ತೂಕ ನೋಡಿದ್ಯೇನಪ್ಪಾ? ಇವರು ಅಂಗಾತ ಆರಾಮಾಗಿ ಮಲಗಿದ್ದಾರೆ, ನೋಡು."

ಶ್ವಾಸಕೋಶದಲ್ಲಿ ನೀರು ತುಂಬಿದವರಿಗೆ ಹಾಗೆ ಮಲಗೋಕೇ ಆಗಲ್ಲ, ಎದ್ದು ಕೂರಿಸಿ ಅಂತಾರೆ. ಎಬ್ಬಿಸಿ ತೂಕ ನೋಡಿದೆವು. ಅವರ ಡ್ರೈ ವೇಟ್, ಅಂದ್ರೆ ಮೈಯಲ್ಲಿ ಹೆಚ್ಚಿನ ನೀರು ಇಲ್ಲದಾಗ ಇರಬೇಕಾದ ತೂಕ, 58 ಕೆಜಿ, ಅವತ್ತು ಇದ್ದದ್ದು 57.4. ಕೇಳಿದರೆ ಮೂರು ದಿನದಿಂದ ಬೇಧಿ, ಅದಕ್ಕೇ ಶುಕ್ರವಾರ ಬರೋಕಾಗಲಿಲ್ಲವಂತೆ. ಮನೆಯವರು ದಿನಾ ಎಳನೀರು ಕುಡಿಸಿದ್ದಾರೆ. ಬೇರೆಯವರಿಗೆ ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಷಿಯಂ ಜಾಸ್ತಿ, ಕಿಡ್ನಿ ಕೆಲಸ ಮಾಡದವರ ಹೃದಯಕ್ಕೆ ಅದು ನಿಜಕ್ಕೂ ಅಪಾಯ.

ಡಾಕ್ಟರ್ ಬಂದು ಇಸಿಜಿ, ರಕ್ತ ಪರೀಕ್ಷೆ ಮಾಡಿಸಿದರು. ರಕ್ತದ ಪಿಎಚ್ 7.24 ಇತ್ತು, ಇರಬೇಕಾದದ್ದು 7.35ರಿಂದ 7.45; ಅದು ಇಳಿದಷ್ಟೂ ಆಸಿಡ್ ಜಾಸ್ತಿ ಅಂತ. ಆಸಿಡ್ಡನ್ನು ತಗ್ಗಿಸುವ ಬೈಕಾರ್ಬ್ (ಬೈಕಾರ್ಬನೇಟ್) 22ರ ಮೇಲೆ ಇರಬೇಕು, ಇದ್ದದ್ದು ಬರೀ 9. ಅವರ ಮೈಯಲ್ಲಿ ಜಾಸ್ತಿ ಆಗಿದ್ದು ನೀರಲ್ಲ, ಆಸಿಡ್.

ಓದುವಾಗ ಇದನ್ನೆಲ್ಲ ಬಾಯಿಪಾಠ ಮಾಡಿದ್ದೆ, ಅರ್ಥವಾಗಿದ್ದು ಅವತ್ತು. ನಮ್ಮ ಎರಡು ಕಿಡ್ನಿ ಸೇರಿ ದಿನಕ್ಕೆ ಸುಮಾರು 180 ಲೀಟರ್ ಸೋಸುತ್ತವೆ, ಹೊರಗೆ ಹೋಗೋದು ಒಂದೂವರೆ ಲೀಟರ್ ಆಸುಪಾಸು, ಉಳಿದದ್ದೆಲ್ಲ ವಾಪಸ್ ರಕ್ತಕ್ಕೆ. ಬೇಧಿ ಆಗಿ ಮೈ ಒಣಗಿದರೆ ಮೆದುಳಿನಿಂದ ಬರುವ ಎಡಿಎಚ್ ಅನ್ನೋ ಹಾರ್ಮೋನು ನೀರನ್ನು ಹಿಡಿದಿಡು ಅನ್ನುತ್ತದೆ, ಅಲ್ಡೋಸ್ಟೆರೋನ್ ಉಪ್ಪನ್ನು ಹಿಡಿದಿಡು ಅನ್ನುತ್ತದೆ, ಕಿಡ್ನಿ ಕೇಳುತ್ತದೆ. ಆಸಿಡ್ ಕೂಡ ಹಾಗೇ. ಬೇಳೆ, ಮೊಟ್ಟೆ, ಮಾಂಸ ಜೀರ್ಣವಾದ ಮೇಲೆ ದಿನಾ ಒಂದಿಷ್ಟು ಆಸಿಡ್ ಉಳಿಯುತ್ತದೆ. ಉಸಿರಿನಲ್ಲಿ ಇಂಗಾಲದ ಡೈಆಕ್ಸೈಡ್ ಹೋಗಬಹುದು, ಈ ಆಸಿಡ್ ಹೋಗಲ್ಲ. ಕಿಡ್ನಿಯೇ ಅಮೋನಿಯಾ ತಯಾರಿಸಿ, ಅದರ ಜೊತೆ ಆಸಿಡ್ಡನ್ನು ಮೂತ್ರಕ್ಕೆ ಸಾಗಿಸಿ, ಹೊಸ ಬೈಕಾರ್ಬನ್ನು ರಕ್ತಕ್ಕೆ ಕೊಡಬೇಕು. ಈ ಅಣ್ಣನಿಗೆ ಆ ಕಿಡ್ನಿಯೇ ಇಲ್ಲದ ಹಾಗೆ, ಮೇಲಿಂದ ಬೇಧಿಯಲ್ಲೂ ಬೈಕಾರ್ಬ್ ಹೋಗುತ್ತಿತ್ತು, ಅದನ್ನು ತುಂಬಿಕೊಡುವ ಶುಕ್ರವಾರದ ಡಯಾಲಿಸಿಸ್ಸೂ ತಪ್ಪಿತ್ತು. ಉಳಿದಿದ್ದು ಶ್ವಾಸಕೋಶ ಒಂದೇ. ಇಂಗಾಲದ ಡೈಆಕ್ಸೈಡನ್ನಾದರೂ ಹೊರಹಾಕಿ ರಕ್ತದ ಹುಳಿ ಕಡಿಮೆ ಮಾಡೋಣ ಅಂತ ಅದು ತನ್ನ ಕೈಲಾದಷ್ಟು ಉಸಿರು ಹೊಡೆಯುತ್ತಿತ್ತು, ನಾನು ಅದನ್ನೇ ರೋಗ ಅಂದುಕೊಂಡೆ.

ಮೊದಲೇ ಒಣಗಿದ್ದ ಮೈಯಿಂದ ಮೂರು ಲೀಟರ್ ತೆಗೆದಿದ್ದರೆ ಬಿಪಿ ಕುಸಿಯುತ್ತಿತ್ತು. ಅದನ್ನು ನೆನೆಸಿಕೊಂಡರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ.

ನೀರು ತೆಗೆಯೋದನ್ನು ಸೊನ್ನೆಗೆ ಇಟ್ಟು, ಬೈಕಾರ್ಬ್ ಇರುವ ದ್ರಾವಣದಲ್ಲಿ ನಾಲ್ಕು ಗಂಟೆ ಮಷಿನ್ ಓಡಿಸಿದೆವು. ಮೂರನೇ ಗಂಟೆಗೆ ಉಸಿರು ನಿಧಾನವಾಯಿತು. "ಎದೆ ಹಗುರ ಆಯ್ತು ಕಣಪ್ಪ" ಅಂದು ನಿದ್ದೆ ಹೋದರು.

ಈಗ ಯಾರೇ ಏದುಸಿರಲ್ಲಿ ಬಂದರೂ ಮೊದಲು ತೂಕ, ಆಮೇಲೆ ಒಂದು ನಿಮಿಷ ಪೂರ್ತಿ ಉಸಿರು ಎಣಿಸುತ್ತೇನೆ, ಹೊಟ್ಟೆ ಹೇಗಿದೆ ಅಂತ ಕೇಳುತ್ತೇನೆ, ಆಮೇಲೇ ಮಷಿನ್. ಹೊಟ್ಟೆ ಕೆಟ್ಟರೆ ಡಯಾಲಿಸಿಸ್ ತಪ್ಪಿಸಬೇಡಿ, ಫೋನ್ ಮಾಡಿ ಅಂತ ಎಲ್ಲರಿಗೂ ಹೇಳಿದ್ದೇನೆ. ಹೋದ ತಿಂಗಳು ಬೆಳಗಿನ ಐದಕ್ಕೇ ಆ ಆಟೊ ಅಣ್ಣನ ಫೋನ್ ಬಂತು. ಮತ್ತೆ ಬೇಧಿಯಂತೆ. ಎಳನೀರು ಮುಟ್ಟಿಲ್ಲ, ಈಗಲೇ ಹೊರಟೆ ಅಂದರು.