ಕುಕ್ಕೆಯಿಂದ ಹೊರಟು ಕುಕ್ಕೆಗೆ: ಕುಮಾರಪರ್ವತದ ಒಂದು ಸುತ್ತು

ಮಂಗಳೂರಿನ ಬಿಜೈಯಲ್ಲಿ ನಮ್ಮದು ಹದಿನೆಂಟು ಮನೆಗಳ ಫ್ಲಾಟ್. 2017ರಿಂದ ಅದರ ನೀರಿನ ಉಸ್ತುವಾರಿ ನನ್ನದು. ಸಂಪಿನಲ್ಲಿ ಎಷ್ಟು ಅಡಿ ನೀರಿದೆ, ಮೋಟಾರು ಎಷ್ಟು ಹೊತ್ತಿಗೆ ಹಾಕಬೇಕು, ಟ್ಯಾಂಕರಿನವರಿಗೆ ಯಾವಾಗ ಫೋನ್ ಮಾಡಬೇಕು, ಎಲ್ಲವೂ ನನ್ನ ಡೈರಿಯಲ್ಲಿ ಇರುತ್ತದೆ. 2019ರ ಮೇ ತಿಂಗಳಲ್ಲಿ ತುಂಬೆ ಡ್ಯಾಮಿನ ನೀರು ಇಳಿದು ಮಂಗಳೂರಿಗೆ ರೇಷನಿಂಗ್ ಬಂತಲ್ವಾ, ಆಗ ಬೆಳಿಗ್ಗೆ ಪೇಪರ್ ಬಂದ ಕೂಡಲೇ ನಾನು ಹುಡುಕುತ್ತಿದ್ದದ್ದು ತುಂಬೆಯ ನೀರಿನ ಮಟ್ಟವನ್ನು.

ತುಂಬೆಗೆ ಬರುವುದು ನೇತ್ರಾವತಿಯ ನೀರು. ಆದರೆ ಉಪ್ಪಿನಂಗಡಿಯಲ್ಲಿ ಅದಕ್ಕೆ ಕುಮಾರಧಾರೆ ಬಂದು ಕೂಡಿಕೊಳ್ಳುತ್ತದೆ. ಅಂದರೆ ನಾವು ಕುಡಿಯುವ ಪ್ರತಿ ಚೊಂಬಿನಲ್ಲೂ ಕುಮಾರಪರ್ವತದ ನೀರು ಸ್ವಲ್ಪವಾದರೂ ಇದೆ. ಆ ಬೆಟ್ಟವನ್ನು ಒಮ್ಮೆ ಕಾಲಲ್ಲಿ ನಡೆದು ನೋಡಬೇಕು ಅಂತ ನನಗೆ ಆಸೆ ಹುಟ್ಟಿದ್ದು ಆ ಮೇ ತಿಂಗಳಲ್ಲಿ.

ಹೋಗಲಿಕ್ಕೆ ಆದದ್ದು ಮಾತ್ರ 2023ರ ಜನವರಿಯಲ್ಲಿ. ನನಗಾಗ ನಲವತ್ತೇಳು ವರ್ಷ. ಜೊತೆಗೆ ಪುತ್ತೂರಿನಿಂದ ಅಕ್ಕನ ಮಗ ಬಂದಿದ್ದ. ಬ್ಯಾಂಕಿನಲ್ಲಿ ನನ್ನ ಪಕ್ಕದ ಕೌಂಟರಿನಲ್ಲಿ ಕೂರುವ ಗೆಳತಿಯೂ ಹೊರಟಳು. ಅದಕ್ಕಿಂತ ಮೊದಲು ಎರಡು ತಿಂಗಳು ನಾವಿಬ್ಬರೂ ದಿನಾ ಬೆಳಿಗ್ಗೆ ಕದ್ರಿ ದೇವಸ್ಥಾನದ ಹಿಂದಿನ ಮೆಟ್ಟಿಲು ಹತ್ತಿ ಜೋಗಿಮಠದವರೆಗೆ ಹೋಗಿ ಇಳಿಯುತ್ತಿದ್ದೆವು. ಕೊನೆಯ ಹದಿನೈದು ದಿನ ಬೆನ್ನಿಗೆ ಐದು ಲೀಟರ್ ನೀರಿನ ಕ್ಯಾನ್ ಹಾಕಿಕೊಂಡು ಹತ್ತಿದೆವು. ಇದನ್ನು ಯಾಕೆ ಹೇಳುತ್ತೇನೆ ಅಂದರೆ, ಕುಮಾರಪರ್ವತಕ್ಕೆ ಸುಮ್ನೆ ಹೊರಟುಬಿಡಬಾರದು. ಕುದುರೆಮುಖ ಇದಕ್ಕಿಂತ ಎತ್ತರದ ಶಿಖರ, ನಿಜ. ಆದರೆ ಅಲ್ಲಿ ನಡಿಗೆ ಶುರುವಾಗುವುದೇ ಘಟ್ಟದ ಮೇಲಿನಿಂದ. ಕುಕ್ಕೆ ಇರುವುದು ಘಟ್ಟದ ಬುಡದಲ್ಲಿ. ಅಲ್ಲಿಂದ 1712 ಮೀಟರ್ ಎತ್ತರದ ತುದಿಗೆ ಹೋಗಬೇಕಾದರೆ ಹೆಚ್ಚುಕಡಿಮೆ ಒಂದೂವರೆ ಸಾವಿರ ಮೀಟರ್ ಏರನ್ನು ಕಾಲಿನಲ್ಲೇ ಹತ್ತಬೇಕು.

ನಮ್ಮ ಲೆಕ್ಕ ಹೀಗಿತ್ತು. ಕುಕ್ಕೆಯಿಂದ ಹತ್ತುವುದು, ಅರ್ಧ ದಾರಿಯಲ್ಲಿರುವ ಗಿರಿಗದ್ದೆಯ ಭಟ್ಟರ ಮನೆಯಲ್ಲಿ ರಾತ್ರಿ ಉಳಿಯುವುದು, ಮರುದಿನ ತುದಿ ಮುಟ್ಟಿ ಆಚೆ ಕೊಡಗಿನ ಬೀದಹಳ್ಳಿಗೆ ಇಳಿಯುವುದು, ಅಲ್ಲಿಂದ ಜೀಪಿನಲ್ಲಿ ಬಿಸಿಲೆ ಘಾಟಿಯಾಗಿ ತಿರುಗಿ ಕುಕ್ಕೆಗೆ ಬರುವುದು. ಹತ್ತಿದ ದಾರಿಯಲ್ಲೇ ಇಳಿಯುವವರೇ ಜಾಸ್ತಿ. ನನಗೆ ಮಾತ್ರ ಬೆಟ್ಟಕ್ಕೆ ಒಂದು ಸುತ್ತು ಬರಬೇಕಿತ್ತು.

ಬಿಜೈ ಬಸ್‌ಸ್ಟ್ಯಾಂಡಿನಿಂದ ಬೆಳಗಿನ ಬಸ್. ತುಂಬೆ ದಾಟಿ, ಬಿ.ಸಿ. ರೋಡ್ ದಾಟಿ, ಉಪ್ಪಿನಂಗಡಿಯ ಸೇತುವೆ ಬಂದಾಗ ಕೆಳಗೆ ನೋಡಿದೆ. ಜನವರಿಯಲ್ಲೇ ಅರ್ಧ ಹೊಳೆ ಮರಳಾಗಿತ್ತು. ಕುಕ್ಕೆಯಲ್ಲಿ ದೇವರಿಗೆ ಕೈಮುಗಿದು, ದೇವರಗದ್ದೆಯ ಬದಿಯಿಂದ ಕಾಡಿಗೆ ಹೊಕ್ಕಾಗ ಹನ್ನೊಂದೂವರೆ.

ಮೊದಲ ದಿನದ ಐದಾರು ಕಿಲೋಮೀಟರ್ ಪೂರ್ತಿ ಕಾಡು. ಬಿಸಿಲು ಬೀಳುವುದಿಲ್ಲ, ಗಾಳಿಯೂ ಬರುವುದಿಲ್ಲ. ಮರದ ಬೇರುಗಳೇ ಮೆಟ್ಟಿಲು. ಭೀಮನ ಬಂಡೆಯ ಹತ್ತಿರ ಕೂತು ಅವಲಕ್ಕಿ ತಿಂದೆವು. ಸಂಜೆ ನಾಲ್ಕಕ್ಕೆ ಅಡಿಕೆ ತೋಟ ಕಂಡಾಗ ಗೆಳತಿ "ಇಲ್ಲಿಗೆ ಸಿಮೆಂಟು, ಅಕ್ಕಿ ಎಲ್ಲ ಹೇಗೆ ತರ್ತಾರೆ ಮಾರಾಯ್ತಿ?" ಅಂತ ಕೇಳಿದಳು. ತಲೆಯ ಮೇಲೆಯೇ ಹೊತ್ತು ತರಬೇಕು. ಅಂಥ ಜಾಗದಲ್ಲಿ ಭಟ್ರ ಮನೆಯಲ್ಲಿ ಬಿಸಿ ಅನ್ನ, ಸಾಂಬಾರು, ಮಜ್ಜಿಗೆ, ಉಪ್ಪಿನಕಾಯಿ ಸಿಕ್ಕಿತು. ನಾನು ಮೂರು ಸಲ ಬಡಿಸಿಕೊಂಡೆ. ಊಟದ ಬೆಲೆ ಏನೆಂದು ಅಲ್ಲಿ ಗೊತ್ತಾಯಿತು.

ಮರುದಿನ ಆರಕ್ಕೆ ಅರಣ್ಯ ಇಲಾಖೆಯ ಗೇಟಿನಲ್ಲಿ ಹೆಸರು ಬರೆಸಿದೆವು. ಇದು ಪುಷ್ಪಗಿರಿ ವನ್ಯಧಾಮ. ಕೊಡಗಿನವರಿಗೆ ಈ ಬೆಟ್ಟವೇ ಪುಷ್ಪಗಿರಿ. ತಡಿಯಂಡಮೋಳ್ ಬಿಟ್ಟರೆ ಅವರ ಜಿಲ್ಲೆಯ ಅತಿ ಎತ್ತರದ ಶಿಖರ. 2012ರಲ್ಲಿ ಯುನೆಸ್ಕೋ ಪಶ್ಚಿಮಘಟ್ಟವನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದಾಗ ಈ ವನ್ಯಧಾಮವೂ ಅದರಲ್ಲಿ ಸೇರಿತು. ಗೇಟು ದಾಟಿದ ಮೇಲೆ ಮರಗಳೇ ಇಲ್ಲ. ಸೊಂಟದೆತ್ತರದ ಹುಲ್ಲು, ಅದರ ನಡುವೆ ಒಂದು ಕಾಲುದಾರಿ. ತಿರುಗಿ ನೋಡಿದರೆ ಕುಕ್ಕೆಯ ಕಡೆ ಕಣಿವೆಯೆಲ್ಲ ಮಂಜು ತುಂಬಿ ಬೆಳ್ಳಗೆ. ಏಳೂವರೆಗೆ ಬಿಸಿಲು ಬಂತು. ಆಮೇಲೆ ನೆರಳು ಎಂಬುದು ಕಲ್ಲುಮಂಟಪದವರೆಗೂ ಸಿಗಲಿಲ್ಲ.

ಕಲ್ಲುಮಂಟಪ ಅಂದರೆ ನಾಲ್ಕು ಕಂಬ, ಮೇಲೊಂದು ಚಪ್ಪಡಿ, ಅಷ್ಟೇ. ಅಷ್ಟೊತ್ತಿಗೆ ನಮ್ಮ ತಲಾ ಎರಡು ಲೀಟರ್ ನೀರಿನಲ್ಲಿ ಅರ್ಧಕ್ಕಿಂತ ಜಾಸ್ತಿ ಮುಗಿದಿತ್ತು. ಇದು ನಮ್ಮದೇ ತಪ್ಪು ಲೆಕ್ಕ. ಚಳಿ ಇರುತ್ತದೆ, ಬಾಯಾರಿಕೆ ಆಗುವುದಿಲ್ಲ ಅಂದುಕೊಂಡಿದ್ದೆವು. ಅಕ್ಕನ ಮಗ ಹತ್ತಿರದಲ್ಲಿ ಒರತೆ ಇದೆ ಅಂತ ಕೇಳಿದ್ದ. ಹುಡುಕಿಕೊಂಡು ಹೋದವನು ಅಲ್ಲಿಂದಲೇ ಕೂಗಿದ: "ಚಿಕ್ಕಮ್ಮಾ, ನೀರು ಉಂಟು, ಆದ್ರೆ ಸ್ವಲ್ಪವೇ!"

ಹೋಗಿ ನೋಡಿದೆ. ಎರಡು ಬಂಡೆ ಸೇರುವ ಸಂದಿಯಲ್ಲಿ ಪಾಚಿ. ಪಾಚಿಯ ಮೇಲೆ ನೀರು ಹರಿಯುತ್ತಿರಲಿಲ್ಲ, ಸುಮ್ಮನೆ ಒದ್ದೆಯಾಗಿ ಹೊಳೆಯುತ್ತಿತ್ತು. ಆದರೆ ಯಾರೋ ಆ ಸಂದಿಗೆ ಒಂದು ಉದ್ದನೆಯ ಎಲೆಯನ್ನು ಸಿಕ್ಕಿಸಿ, ಅಲುಗದ ಹಾಗೆ ಅದರ ತೊಟ್ಟಿನ ಮೇಲೆ ಹೆಬ್ಬೆರಳಿನಷ್ಟು ಕಲ್ಲು ಇಟ್ಟಿದ್ದರು. ಬಂಡೆಗೆ ಅಂಟಿಕೊಂಡು ಇಳಿದುಹೋಗುತ್ತಿದ್ದ ನೀರೆಲ್ಲ ಆ ಎಲೆಯ ನಡುನರದಲ್ಲಿ ಕೂಡಿ, ತುದಿಯಿಂದ ನೂಲಿನ ಎಳೆಯಂತೆ ಬೀಳುತ್ತಿತ್ತು. ಬಾಟಲಿಯನ್ನು ಅದರ ಕೆಳಗೆ ಹಿಡಿದೆ. ಗಡಿಯಾರ ನೋಡಿದೆ, ಅಭ್ಯಾಸಬಲ. ಒಂದು ಲೀಟರ್ ತುಂಬಲಿಕ್ಕೆ ಒಂಬತ್ತು ನಿಮಿಷ.

ನನ್ನ ತವರುಮನೆ ಪುತ್ತೂರಿನ ಕಡೆ. ಅಲ್ಲಿ ಗುಡ್ಡದ ಹೊಟ್ಟೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಬರುತ್ತಿತ್ತು. ಅಡಿಕೆ ಮರ ಸೀಳಿ ಮಾಡಿದ ದಂಬೆಯಲ್ಲಿ ಹರಿದು ಅದು ತೊಟ್ಟಿಗೆ ಬೀಳುವುದನ್ನು ಕಾಯುತ್ತಾ ನಾನೂ ಅಕ್ಕನೂ ಕೂತಿರುತ್ತಿದ್ದೆವು. ಮೂವತ್ತೈದು ವರ್ಷದ ನಂತರ ಮತ್ತೆ ಹಾಗೆ ಕುಕ್ಕರುಗಾಲಲ್ಲಿ ಕೂತು ನೀರು ಕಾದೆ. ಮೂರು ಬಾಟಲಿಗೆ ಅರ್ಧ ಗಂಟೆ. ನಮ್ಮ ಹಿಂದೆ ಬಂದ ನಾಲ್ಕು ಹುಡುಗರೂ ಸಾಲಿನಲ್ಲಿ ಕೂತರು. ಒಬ್ಬ ಬಂಡೆಗೆ ಬಾಯಿ ಹಚ್ಚಿ ಕುಡಿಯಲು ಹೋದಾಗ ಅವನ ಸ್ನೇಹಿತನೇ ತಡೆದು "ಎಲೆ ಬೀಳ್ತದೆ, ನಿಲ್ಲು" ಅಂದ. ಆ ಹುಡುಗನ ಮೇಲೆ ನನಗೆ ತುಂಬಾ ಪ್ರೀತಿ ಬಂತು.

ಅಲ್ಲಿಂದ ಶೇಷಪರ್ವತಕ್ಕೆ ಏರು ತುಂಬಾ ಕಡಿದು. ಹೆಡೆ ಎತ್ತಿದ ಹಾವಿನ ಹಾಗೆ ಕಾಣುವುದಕ್ಕೇ ಆ ಹೆಸರು. ಅದರ ತುದಿ ಮುಟ್ಟಿದಾಗ ಎದುರಿಗೆ ಇನ್ನೊಂದು ಬೆಟ್ಟ ಕಾಣುತ್ತದೆ, ಅದೇ ಕುಮಾರಪರ್ವತ. ಇವೆರಡರ ನಡುವೆ ಇಳಿಯುವ ಕಾಡನ್ನು ನಾನು ಮರೆಯುವುದಿಲ್ಲ. ಇದು ಶೋಲಾ ಕಾಡು. ಬೆಟ್ಟದ ಮಡಿಲಲ್ಲಿ ಮಾತ್ರ ಬೆಳೆಯುವ, ಗಿಡ್ಡ, ಗಂಟುಗಂಟಾದ ಮರಗಳು. ಕೊಂಬೆಗಳಿಗೆಲ್ಲ ಪಾಚಿಯ ಹೊದಿಕೆ. ಹೊರಗೆ ಸುಡುವ ಬಿಸಿಲಿದ್ದರೂ ಒಳಗೆ ನೆಲ ತಣ್ಣಗಿತ್ತು. ತರಗೆಲೆ ಸರಿಸಿ ಕೈ ಊರಿದರೆ ಅಂಗೈ ಒದ್ದೆ. ಮಳೆಗಾಲದ ನೀರನ್ನು ಈ ಹುಲ್ಲು, ಈ ಕಾಡು ಹಿಡಿದಿಟ್ಟುಕೊಂಡು, ಮಳೆ ನಿಂತ ಮೇಲೆ ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಬಿಡುತ್ತವೆ. ಶಾಲೆಯಲ್ಲಿ ಓದಿದ್ದೆ. ಅಂಗೈ ಒದ್ದೆಯಾದಾಗ ಅದು ಬೇರೆಯೇ ರೀತಿ ಅರ್ಥವಾಯಿತು. ಏಪ್ರಿಲ್‌ನಲ್ಲಿ ತುಂಬೆಗೆ ಬರುವ ನೀರು ಜನವರಿಯಲ್ಲಿ ಇಲ್ಲಿ, ಈ ತರಗೆಲೆಯ ಕೆಳಗೆ ಇರುತ್ತದೆ.

ಕೊನೆಯಲ್ಲಿ ಒಂದು ಬಂಡೆ ಹತ್ತಬೇಕು. ನೀರು ಜಿನುಗಿ ಕೆಲವು ಕಡೆ ಜಾರುತ್ತಿತ್ತು. ಗೆಳತಿಯ ಕಾಲು ಒಮ್ಮೆ ತಪ್ಪಿ ಮೊಣಕೈ ತರಚಿತು. ಮಳೆಗಾಲದಲ್ಲಿ ಇಲ್ಲಿಗೆ ಬರುವ ಯೋಚನೆಯನ್ನೇ ಮಾಡಬೇಡಿ. ಹನ್ನೊಂದಕ್ಕೆ ಹತ್ತು ನಿಮಿಷ ಇರುವಾಗ ತುದಿಯಲ್ಲಿದ್ದೆವು. ಕಲ್ಲು ಪೇರಿಸಿದ ಪುಟ್ಟ ಗುಡಿ, ಜೋರು ಗಾಳಿ. ತಾರಕಾಸುರನನ್ನು ಕೊಂದ ಮೇಲೆ ಕುಮಾರಸ್ವಾಮಿ ಈ ಬೆಟ್ಟಕ್ಕೆ ಬಂದ, ತನ್ನ ಆಯುಧವನ್ನು ತೊಳೆದ ನೀರೇ ಕುಮಾರಧಾರೆ ಅಂತ ಕಥೆ. ಗೆಳತಿ ಗುಡಿಯ ಮುಂದೆ ಕಣ್ಣುಮುಚ್ಚಿ ತುಂಬಾ ಹೊತ್ತು ಕೂತಳು. ನಾನೂ ಕೂತೆ. ಎದ್ದಾಗ ನನ್ನ ಕಣ್ಣು ಒದ್ದೆಯಾಗಿತ್ತು.

ಬೀದಹಳ್ಳಿ ಕಡೆಯ ಇಳಿಜಾರು ದಟ್ಟ ಕಾಡಿನಲ್ಲಿದೆ. ಮೊಣಕಾಲು ನೋಯುತ್ತಿತ್ತು, ಸಿಕ್ಕಿದ ಬಳ್ಳಿ, ಬೇರು ಹಿಡಿದುಕೊಂಡು ಇಳಿದೆವು. ಮೂರು ಗಂಟೆಗೆ ಊರು ಸಿಕ್ಕಿತು.

ಜೀಪಿನವರು ಮಂಕನಹಳ್ಳಿಯ ರಿಡ್ಜ್ ಹತ್ತಿರ ನಿಲ್ಲಿಸಿದರು. ಅಲ್ಲೊಂದು ಕಲ್ಲು ನೆಟ್ಟಿದ್ದಾರೆ. ಅದರ ಒಂದು ಬದಿಗೆ ಬಿದ್ದ ಮಳೆ ಹೇಮಾವತಿ, ಕಾವೇರಿಯಾಗಿ ಬಂಗಾಳಕೊಲ್ಲಿಗೆ. ಇನ್ನೊಂದು ಬದಿಯದ್ದು ಕುಮಾರಧಾರೆ, ನೇತ್ರಾವತಿಯಾಗಿ ನಮ್ಮ ಅರಬ್ಬಿ ಸಮುದ್ರಕ್ಕೆ. ಅಕ್ಕನ ಮಗ ಆಚೆ ಒಂದು ಕಾಲು, ಈಚೆ ಒಂದು ಕಾಲು ಇಟ್ಟು ಫೋಟೊ ತೆಗೆಸಿಕೊಂಡ. ಬಾಟಲಿಯಲ್ಲಿ ಉಳಿದಿದ್ದ ಕಲ್ಲುಮಂಟಪದ ನೀರನ್ನು ನಾನು ಮಂಗಳೂರಿನ ಬದಿಗೆ ಚೆಲ್ಲಿದೆ. ಅದು ಆ ಬದಿಗೇ ಸೇರಿದ್ದಲ್ವಾ.

ಸಂಜೆ ಕುಕ್ಕೆಯ ಸ್ನಾನಘಟ್ಟದಲ್ಲಿ ಕಾಲು ಇಳಿಬಿಟ್ಟು ಕೂತೆವು. ಅಲ್ಲಿಗೆ ಸುತ್ತು ಮುಗಿಯಿತು. ಆ ವರ್ಷದ ಮೇ ತಿಂಗಳಲ್ಲಿ ಮಂಗಳೂರಿಗೆ ಮತ್ತೆ ರೇಷನಿಂಗ್ ಬಂತು. ಲಿಫ್ಟಿನ ಪಕ್ಕದಲ್ಲಿ ನೋಟಿಸ್ ಅಂಟಿಸುವಾಗ ಈ ಸಲ ಅದರ ಕೆಳಗೆ ಆ ಎಲೆಯ ಫೋಟೊವನ್ನೂ ಅಂಟಿಸಿದೆ. ಎರಡನೇ ಮಹಡಿಯ ಅಜ್ಜಿ ನಿಂತು ನೋಡಿ, "ಇದು ಎಲ್ಲಿಯದ್ದು?" ಅಂತ ಕೇಳಿದರು. "ನಮ್ಮ ನಲ್ಲಿಯದ್ದೇ ಅಜ್ಜಿ" ಅಂದೆ.

ಈಗ ಹೋಗುವವರಿಗೆ ಒಂದೆರಡು ಮಾತು. 2024ರ ಜನವರಿಯಲ್ಲಿ ಗಣರಾಜ್ಯೋತ್ಸವದ ರಜೆಗೆ ಜನ ಮುಗಿಬಿದ್ದು, ಗಿರಿಗದ್ದೆಯ ಗೇಟಿನಲ್ಲಿ ಜಾತ್ರೆಯಂಥ ನೂಕುನುಗ್ಗಲಾದ ವಿಡಿಯೊಗಳನ್ನು ನೀವೂ ನೋಡಿರಬಹುದು. ಆಮೇಲೆ ಇಲಾಖೆ ಚಾರಣ ನಿಲ್ಲಿಸಿ, ಆನ್‌ಲೈನ್ ಬುಕಿಂಗ್ ತಂದಿತು. ಆ ಕ್ರಮ ನನಗೆ ಪೂರ್ತಿ ಒಪ್ಪಿಗೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ದಾರಿ ಮುಚ್ಚಿರುತ್ತಾರೆ. ಹೊರಡುವ ಮೊದಲು ಉಳಿಯಲು ಬಿಡುತ್ತಾರಾ, ಆಚೆ ಇಳಿಯಲು ಬಿಡುತ್ತಾರಾ ಎಂದು ಇಲಾಖೆಯನ್ನೇ ಕೇಳಿಕೊಳ್ಳಿ. ತಲಾ ಮೂರು ಲೀಟರ್ ನೀರು ಹೊತ್ತುಕೊಳ್ಳಿ. ಕಲ್ಲುಮಂಟಪದ ಒರತೆಯಲ್ಲಿ ಕಾಲು ತೊಳೆಯಬೇಡಿ, ಹಿಂದೆ ಬಂದವರಿಗೂ ಜಾಗ ಬಿಡಿ. ಎಲೆ ಒಣಗಿ ಸುರುಟಿಕೊಂಡಿದ್ದರೆ ಬಿದ್ದ ಹಸಿ ಎಲೆ ಒಂದನ್ನು ಹುಡುಕಿ, ತೊಟ್ಟು ಸಂದಿಗೆ ಸಿಕ್ಕಿಸಿ, ಮೇಲೆ ಆ ಸಣ್ಣ ಕಲ್ಲನ್ನು ಮತ್ತೆ ಇಟ್ಟು ಬನ್ನಿ.