ಈರುಳ್ಳಿ ಕೆಂಪಾಗುವವರೆಗೆ

ಅಮ್ಮ ಎರಡು ದಿನಕ್ಕೆಂದು ಬಂದಿದ್ದಳು. ಶನಿವಾರ ಮನೆಯಲ್ಲೇ ಅಡುಗೆ, ಭಾನುವಾರ ಮಧ್ಯಾಹ್ನ ಸಿನಿಮಾ. ಇನ್ನೇನೂ ಇಟ್ಟುಕೊಳ್ಳೋದು ಬೇಡ ಅಂತ ಮೊದಲೇ ಮಾತಾಗಿತ್ತು.

ಬ್ರೆಡ್ಡಿಗೆ ಶುಕ್ರವಾರ ರಾತ್ರಿಯೇ ಹಿಟ್ಟು ಕಲಸಿಟ್ಟಿದ್ದೆ. ಮೈದಾ, ಉಪ್ಪು, ನೀರು, ಚಿಟಿಕೆ ಯೀಸ್ಟ್, ಅಷ್ಟೇ. ಯೀಸ್ಟ್ ಕಡಿಮೆ ಹಾಕಿ ರಾತ್ರಿಯಿಡೀ ಬಿಟ್ಟರೆ ನಾದುವ ಕೆಲಸವೇ ಇಲ್ಲ, ತನ್ನ ಪಾಡಿಗೆ ತಾನು ಉಬ್ಬುತ್ತದೆ, ರುಚಿಯೂ ಜಾಸ್ತಿ. ಬೆಳಿಗ್ಗೆ ಮುಚ್ಚಳ ತೆಗೆದರೆ ಮೇಲೆಲ್ಲ ಗುಳ್ಳೆ, ಸಣ್ಣಗೆ ಹುಳಿ ವಾಸನೆ. ಅಮ್ಮ ಬೆರಳಲ್ಲಿ ಒತ್ತಿ ನೋಡಿ "ಚೆನ್ನಾಗಿ ಬಂದಿದೆ ಕಣೆ" ಅಂದಳು.

ಆಮೇಲೆ ಸೂಪಿಗೆ ಈರುಳ್ಳಿ. ಒಂದು ಕಿಲೋ ಹೆಚ್ಚಿದೆವು, ಇಬ್ಬರ ಕಣ್ಣಲ್ಲೂ ನೀರು. ಇದೇ ಸೂಪನ್ನು ನಾನು ಹಿಂದೆ ಎರಡು ಸಲ ಕೆಡಿಸಿದ್ದೇನೆ. ಬೇಗ ಆಗಲಿ ಅಂತ ಉರಿ ಜೋರು ಮಾಡಿ, ಒಂದು ಕೈಯಲ್ಲಿ ಫೋನ್ ಹಿಡಿದು ನಿಂತಿದ್ದೆ. ಅಂಚೆಲ್ಲ ಕರಟಿ ಒಳಗೆ ಹಸಿಹಸಿ ಉಳಿದಿತ್ತು. ಈ ಸಲ ಅಮ್ಮ ನನ್ನ ಫೋನ್ ತೆಗೆದುಕೊಂಡು ಹೋಗಿ ಒಳಗಿನ ಕೋಣೆಯಲ್ಲಿ ಇಟ್ಟು ಬಂದಳು. ಏನೂ ಹೇಳಲಿಲ್ಲ.

ಈರುಳ್ಳಿಯಲ್ಲಿ ನೂರಕ್ಕೆ ಸುಮಾರು 89 ಪಾಲು ನೀರೇ. ಆ ನೀರು ಆರುವವರೆಗೆ ಬಾಣಲೆಯ ಬಿಸಿ 100 ಡಿಗ್ರಿ ದಾಟುವುದು ಕಷ್ಟ, ಚೆನ್ನಾಗಿ ಕೆಂಪಾಗಬೇಕಾದರೆ 140ರ ಹತ್ತಿರ ಹೋಗಬೇಕು. ಹಾಗಾಗಿ ಮೊದಲ ಇಪ್ಪತ್ತು ನಿಮಿಷ ಏನೂ ಆಗುತ್ತಿಲ್ಲ ಅನ್ನಿಸುತ್ತದೆ. ಮೆತ್ತಗಾಗುತ್ತದೆ, ಕುಗ್ಗುತ್ತದೆ, ಬಣ್ಣ ಮಾತ್ರ ಬದಲಾಗಲ್ಲ. ನಾನು ಕೈಯಾಡಿಸುತ್ತಾ ನಿಂತೆ. ಅಮ್ಮ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ಕೂತು, ಅಪ್ಪನ ಬಗ್ಗೆ, ಅವಳ ಮೊಣಕಾಲು ನೋವಿನ ಬಗ್ಗೆ, ನಾನು ಚಿಕ್ಕವಳಿದ್ದಾಗ ಹಟ ಮಾಡುತ್ತಿದ್ದ ಬಗ್ಗೆ ಹೇಳುತ್ತಾ ಹೋದಳು. ಮೊಣಕಾಲಿನ ವಿಷಯ ಫೋನಿನಲ್ಲಿ ಒಂದು ಸಲವೂ ಹೇಳಿರಲಿಲ್ಲ. ಅಷ್ಟರಲ್ಲಿ ತಳ ಹಿಡಿಯತೊಡಗಿತು. ಒಂದು ಚಮಚ ನೀರು ಚಿಮುಕಿಸಿ ಕೆರೆದೆ, ಆ ಕಂದು ಕರಗಿ ಇಡೀ ಈರುಳ್ಳಿಗೆ ಮೆತ್ತಿಕೊಂಡಿತು. ಮತ್ತೆ ಹಿಡಿಯಿತು, ಮತ್ತೆ ಕೆರೆದೆ. ಒಂದು ಗಂಟೆಯ ಹತ್ತಿರ ಹಿಡಿಯಿತು. ಬಾಣಲೆ ತುಂಬಾ ಇದ್ದದ್ದು ಒಂದು ಬಟ್ಟಲಿನಷ್ಟಾಯಿತು. ಚಮಚದ ತುದಿಯಲ್ಲಿ ಬಾಯಿಗಿಟ್ಟರೆ ಸಕ್ಕರೆ ಹಾಕಿದ್ದಾರೇನೋ ಅನ್ನುವಷ್ಟು ಸಿಹಿ.

ಬ್ರೆಡ್ಡಿನದು ಜಾಸ್ತಿ ಹೇಳುವುದಿಲ್ಲ, ಚೆನ್ನಾಗಿ ಬಂತು. ಓವನ್‌ನಿಂದ ತೆಗೆದ ಮೇಲೆ ಆರುವಾಗ ಅದರ ಮೇಲ್ಪದರ ಚಿಟಚಿಟ ಅಂತ ಸಣ್ಣಗೆ ಬಿರಿಯುತ್ತದಲ್ವಾ, ಅದನ್ನು ಇಬ್ಬರೂ ಕಿವಿ ಹತ್ತಿರ ತಂದು ಕೇಳಿದೆವು.

ಭಾನುವಾರ ಅರ್ಧ ಗಂಟೆ ಮೊದಲೇ ಚಿತ್ರಮಂದಿರಕ್ಕೆ ಹೋಗಿ ಕೂತೆವು. ಅಮ್ಮ ಚಿತ್ರಮಂದಿರಕ್ಕೆ ಬಂದು ವರ್ಷಗಳೇ ಆಗಿದ್ದವು. ಹಿಂದೆ ತಿರುಗಿ ಆ ಸಣ್ಣ ಕಿಂಡಿ ನೋಡಿ, "ಮೊದಲೆಲ್ಲ ಮಷೀನಿನ ಸದ್ದು ಕೇಳಿಸುತ್ತಿತ್ತು, ಈಗ್ಯಾಕೆ ಇಲ್ಲ?" ಅಂದಳು. ಈಗ ರೀಲೇ ಇಲ್ಲಮ್ಮ, ಹೆಚ್ಚಾಗಿ ಡಿಜಿಟಲ್ ಫೈಲಾಗಿ ಬರುತ್ತದೆ ಅಂದೆ. ಹಾಗೇ ಮಾತು ಮೊದಲ ಸಿನಿಮಾ ಕಡೆಗೆ ಹೋಯಿತು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಒಂದು ಕೆಫೆಯ ನೆಲಮಾಳಿಗೆಯಲ್ಲಿ ಲೂಮಿಯೇರ್ ಅಣ್ಣತಮ್ಮಂದಿರು ಟಿಕೆಟ್ ಇಟ್ಟು ಹತ್ತು ಚಿತ್ರ ತೋರಿಸಿದರು, ಒಂದೊಂದೂ ಒಂದು ನಿಮಿಷಕ್ಕಿಂತ ಕಡಿಮೆ. ಅದರಲ್ಲಿ ಒಂದು, ಅವರಲ್ಲೇ ಒಬ್ಬ ತನ್ನ ಹೆಂಡತಿ ಜೊತೆ ಕೂತು ಪುಟ್ಟ ಮಗಳಿಗೆ ಊಟ ಮಾಡಿಸುವುದು. ಇದನ್ನು ಹೇಳಿದಾಗ ಅಮ್ಮನಿಗೆ ಬಹಳ ಖುಷಿಯಾಯಿತು. "ಮಗು ತಿಂತಾ?" ಅಂತ ಕೇಳಿದಳು. ತಿಂತು ಅಂದೆ.

ದೀಪ ಆರಿತು. ಮನೆಯಲ್ಲಿ ನಾನು ಯಾವ ಸಿನಿಮಾವನ್ನೂ ಒಂದೇ ಸಲಕ್ಕೆ ಮುಗಿಸುವುದಿಲ್ಲ, ನಿಲ್ಲಿಸ್ತೀನಿ, ನೀರು ಕುಡೀತೀನಿ, ಯಾರದ್ದೋ ಮೆಸೇಜಿಗೆ ಉತ್ತರ ಕೊಡ್ತೀನಿ, ಹಿಂದೆ ಹೋಗಿ ಮತ್ತೆ ನೋಡ್ತೀನಿ. ಇಲ್ಲಿ ಸೆಕೆಂಡಿಗೆ 24 ಚಿತ್ರದಂತೆ ಅದು ಹೋಗುತ್ತಲೇ ಇರುತ್ತದೆ, ನಾವು ಜೊತೆಗೆ ಹೋಗಬೇಕು. ಎರಡು ಗಂಟೆಗೆ 1,72,800 ಚಿತ್ರ. ಮೊದಲರ್ಧ ನಿಧಾನವಿತ್ತು. ಒಂದು ಮನೆ, ಒಬ್ಬ ತಾಯಿ, ಬಾಗಿಲು, ಕಿಟಕಿ. ಏನೂ ಆಗುತ್ತಿಲ್ಲ ಅನ್ನಿಸಿ ಕೈ ಚೀಲದ ಕಡೆ ಹೋಯಿತು, ಆಮೇಲೆ ನಿನ್ನೆಯ ಬಾಣಲೆ ನೆನಪಾಗಿ ಸುಮ್ನೆ ಕೂತೆ. ಕೊನೆಗೆ ಹೊರಟುಹೋಗಿದ್ದ ಮಗ ಬಂದು ಬಾಗಿಲು ಬಡಿದಾಗ ಅವಳು ಚಿಲಕದ ಮೇಲೆ ಕೈಯಿಟ್ಟು ನಿಲ್ಲುತ್ತಾಳೆ. ಎಷ್ಟು ಹೊತ್ತು ನಿಂತಳೋ. ಇಡೀ ಹಾಲ್‌ನಲ್ಲಿ ಒಬ್ಬರೂ ಕೆಮ್ಮಲಿಲ್ಲ. ಅಮ್ಮ ನನ್ನ ಮಣಿಕಟ್ಟು ಗಟ್ಟಿಯಾಗಿ ಹಿಡಿದುಕೊಂಡಿದ್ದಳು, ಅವಳ ಬೆರಳಲ್ಲಿ ಇನ್ನೂ ಈರುಳ್ಳಿ ವಾಸನೆ ಇತ್ತು.

ರಾತ್ರಿ ಉಳಿದ ಸೂಪು ಬಿಸಿ ಮಾಡಿದೆ, ಎರಡನೇ ದಿನಕ್ಕೆ ಇನ್ನೂ ರುಚಿಯಾಗಿತ್ತು. ಬ್ರೆಡ್ಡಿನ ಕೊನೆಯ ತುಂಡನ್ನು ಮುರಿದು ಇಬ್ಬರೂ ತೆಗೆದುಕೊಂಡೆವು.

"ಅವಳು ಬಾಗಿಲು ತೆಗೀಬಾರದಿತ್ತು" ಅಂದಳು ಅಮ್ಮ.

"ತೆಗೀದೆ ಹೇಗಿರ್ತಾಳಮ್ಮ?"

"ಸ್ವಲ್ಪ ಹೊತ್ತು ನಿಲ್ಲಿಸಬೇಕಿತ್ತು ಅವನನ್ನ."

ನಿಲ್ಲಿಸಿದಳಲ್ಲ ಅಂದೆ ನಾನು. ಅದು ಸಾಲದು ಅಂತ ಅವಳು. ಬಟ್ಟಲು ಒಣಗಿ ಅಂಟಾಗುವವರೆಗೂ ಇದೇ ನಡೆಯಿತು.