ದೇವರ ವಿರುದ್ಧ ಬರೆದ ಕಥೆಯನ್ನು ಮಕ್ಕಳಿಗೆ ಕೊಡಬಹುದಾ?

ನಾನು ನಮ್ಮ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ, ಅಂದರೆ ಚರ್ಚಿನಲ್ಲಿ, ಸಂಡೇ ಸ್ಕೂಲ್ ಪಾಠ ಮಾಡುತ್ತೇನೆ. ಮಕ್ಕಳ ಪುಸ್ತಕ ಓದುವ ಹುಚ್ಚೂ ಇದೆ. ಹಾಗಾಗಿ ಆರಾಧನೆ ಮುಗಿದ ಮೇಲೆ ಅಪ್ಪ ಅಮ್ಮಂದಿರು ಕೇಳುವ ಪ್ರಶ್ನೆ ಒಂದೇ. "ಅಕ್ಕಾ, ಆ ಸಿನಿಮಾ ದೇವರ ವಿರುದ್ಧ ಇದೆಯಂತೆ. ವಾಟ್ಸಾಪಲ್ಲಿ ಮೆಸೇಜ್ ಬಂತು. ಮಗ ನೋಡಲೇಬೇಕು ಅಂತಿದ್ದಾನೆ. ಬಿಡೋದಾ, ಬೇಡ್ವಾ?"

ನಾನು ತಿರುಗಿ ಕೇಳುವುದು: "ನೀವು ನೋಡಿದ್ರಾ?" ಸಾಮಾನ್ಯವಾಗಿ ಮಾತು ಅಲ್ಲಿಗೆ ನಿಲ್ಲುತ್ತದೆ. ಇದು ಕೊಂಕು ಅಂತ ಕೆಲವರಿಗೆ ಅನಿಸಿದೆ. ಅಲ್ಲ. ನನ್ನ ಉತ್ತರ ಅಲ್ಲಿಂದಲೇ ಶುರುವಾಗುತ್ತದೆ, ಅದಕ್ಕೆ ಕೇಳುತ್ತೇನೆ.

ಮೊದಲು ಒಂದು ಗೊಂದಲ ಬಿಡಿಸೋಣ. ಮಾಟ ಮಂತ್ರ ಇರುವ ಕಥೆ ಬೇರೆ, ನಂಬಿಕೆಯ ವಿರುದ್ಧ ಇರುವ ಕಥೆ ಬೇರೆ. ಫಾರ್ವರ್ಡ್ ಮೆಸೇಜುಗಳಲ್ಲಿ ಎರಡನ್ನೂ ಒಂದೇ ಚೀಲಕ್ಕೆ ತುಂಬಿರುತ್ತಾರೆ. 2001ರ ಕೊನೆಯಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋದಲ್ಲಿ, ಅಲಮೊಗೊರ್ಡೊ ಎಂಬ ಊರಿನ ಒಂದು ಸಭೆಯವರು ಹ್ಯಾರಿ ಪಾಟರ್ ಪುಸ್ತಕಗಳನ್ನು ಬೆಂಕಿಗೆ ಹಾಕಿದರು. ಅದೇ ಸರಣಿಯ ಕೊನೆಯ ಪುಸ್ತಕ 2007ರಲ್ಲಿ ಬಂತು. ಅದರಲ್ಲಿ ಹ್ಯಾರಿ ತನ್ನ ಅಪ್ಪ ಅಮ್ಮನ ಸಮಾಧಿಯ ಮುಂದೆ ನಿಲ್ಲುತ್ತಾನೆ. ಕಲ್ಲಿನ ಮೇಲಿರುವುದು ಬೈಬಲಿನ ಮಾತು, ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ್ದು, ಕಡೆಯ ಶತ್ರುವಾದ ಮರಣವೂ ನಾಶವಾಗುವುದು ಎನ್ನುವುದು. ಅದೇ ಸ್ಮಶಾನದ ಇನ್ನೊಂದು ಸಮಾಧಿಯ ಮೇಲೆ ಮತ್ತಾಯನ ಸುವಾರ್ತೆಯ ಮಾತಿದೆ. ಹಾಗಾಗಿ ಪಾಟರ್ ಬಗ್ಗೆ ಕೇಳಿದವರಿಗೆ ಸುಮ್ನೆ ಓದಿಸಿ ಅನ್ನುತ್ತೇನೆ.

ಕಷ್ಟ ಇರುವುದು ನಿಜವಾಗಿಯೂ ವಿರುದ್ಧ ಇರುವ ಕಥೆಯಲ್ಲಿ. ನನಗೆ ಚೆನ್ನಾಗಿ ಗೊತ್ತಿರುವ ಒಂದನ್ನೇ ತೆಗೆದುಕೊಳ್ಳುತ್ತೇನೆ. ಇಂಗ್ಲೆಂಡಿನ ಫಿಲಿಪ್ ಪುಲ್ಮನ್ ಬರೆದ 'ಹಿಸ್ ಡಾರ್ಕ್ ಮೆಟೀರಿಯಲ್ಸ್'. ಮೂರು ಪುಸ್ತಕ, 1995ರಿಂದ 2000ದವರೆಗೆ ಬಂದವು. ಮೊದಲನೆಯದು 2007ರಲ್ಲಿ 'ದಿ ಗೋಲ್ಡನ್ ಕಂಪಾಸ್' ಎಂಬ ಸಿನಿಮಾ ಆಯಿತು. ಆಮೇಲೆ 2019ರಿಂದ 2022ರವರೆಗೆ ಟಿವಿ ಸರಣಿಯಾಗಿ ಮೂರೂ ಪುಸ್ತಕ ಬಂದವು. ಹಳೇ ಎಚ್ಚರಿಕೆ ಮೆಸೇಜುಗಳು ಮತ್ತೆ ಓಡಾಡುವುದಕ್ಕೆ ಈ ಸರಣಿಯೂ ಒಂದು ಕಾರಣ.

ಪುಲ್ಮನ್ ಏನನ್ನೂ ಮುಚ್ಚಿಟ್ಟವರಲ್ಲ. ತನ್ನ ಪುಸ್ತಕಗಳು ದೇವರನ್ನು ಕೊಲ್ಲುವ ಬಗ್ಗೆ ಎಂದು 2003ರಲ್ಲಿ ಆಸ್ಟ್ರೇಲಿಯಾದ ಪತ್ರಿಕೆಯೊಂದಕ್ಕೆ ಹೇಳಿದ್ದರು. ಕಥೆಯಲ್ಲಿ ಮ್ಯಾಜಿಸ್ಟೀರಿಯಂ ಎಂಬ ಸಂಸ್ಥೆ ಇದೆ. ಅದೇ ಚರ್ಚು, ಅದೇ ಸರ್ಕಾರ, ಅದೇ ಪೊಲೀಸು. ಪ್ರತಿಯೊಬ್ಬ ಮನುಷ್ಯನ ಆತ್ಮ ಒಂದು ಪ್ರಾಣಿಯ ರೂಪದಲ್ಲಿ ಅವನ ಜೊತೆಗೇ ಓಡಾಡುತ್ತಿರುತ್ತದೆ. ಚರ್ಚಿನ ಜನ ಮಕ್ಕಳನ್ನು ಕದ್ದು ಉತ್ತರದ ಹಿಮದೂರಿಗೆ ಒಯ್ದು, ಮಗುವನ್ನೂ ಆ ಪ್ರಾಣಿಯನ್ನೂ ಕತ್ತರಿಸಿ ಬೇರೆ ಮಾಡುತ್ತಾರೆ. ಮಕ್ಕಳಿಗೆ ಪಾಪ ಅಂಟಬಾರದು ಎನ್ನುವುದು ಅವರ ಕಾರಣ. ಓದುವಾಗ ಹೊಟ್ಟೆ ತೊಳಸುತ್ತದೆ. ಮೂರನೇ ಪುಸ್ತಕದಲ್ಲಿ ಒಬ್ಬ ಪಾದ್ರಿ ಕಥಾನಾಯಕಿ ಲೈರಾಳನ್ನು ಕೊಲ್ಲಲು ಹೊರಡುತ್ತಾನೆ. ಮಾಡಲಿರುವ ಕೊಲೆಗೆ ಮುಂಗಡವಾಗಿಯೇ ಪಾಪಕ್ಷಮೆ ಪಡೆದು!

ಇನ್ನು ಆ ಸಿನಿಮಾದ ಗಲಾಟೆ. 2007ರ ಅಕ್ಟೋಬರಿನಲ್ಲಿ ಅಮೆರಿಕದ ಕ್ಯಾಥೊಲಿಕ್ ಲೀಗ್ ಎಂಬ ಸಂಘಟನೆ, ಅದರ ಮುಖ್ಯಸ್ಥ ಬಿಲ್ ಡೊನೊಹ್ಯೂ, ಬಹಿಷ್ಕಾರಕ್ಕೆ ಕರೆ ಕೊಟ್ಟರು. ಮುಂದಿನ ತಿಂಗಳು ಕೆನಡಾದ ಒಂಟಾರಿಯೋದಲ್ಲಿ ಒಂದು ಕ್ಯಾಥೊಲಿಕ್ ಶಾಲಾ ಮಂಡಳಿ ಪುಸ್ತಕವನ್ನು ಕಪಾಟಿನಿಂದ ತೆಗೆಸಿತು. ವಿಚಿತ್ರ ಏನೆಂದರೆ ಸಿನಿಮಾದವರು ಚರ್ಚಿನ ವಿಷಯವನ್ನೆಲ್ಲ ಮೊದಲೇ ತೆಳ್ಳಗೆ ಮಾಡಿದ್ದರು. ಮ್ಯಾಜಿಸ್ಟೀರಿಯಂ ಅಲ್ಲಿ ಯಾವುದೋ ಸರ್ವಾಧಿಕಾರಿ ಕಚೇರಿ ಥರ ಕಾಣುತ್ತದೆ. ಪುಸ್ತಕದ ಕೊನೆಯ ಭಾಗವನ್ನೂ ಬಿಟ್ಟುಬಿಟ್ಟರು. ಡೊನೊಹ್ಯೂ ಅವರಿಗೂ ಇದು ಗೊತ್ತಿತ್ತು. ಸಿನಿಮಾ ನೋಡಿದ ಮಕ್ಕಳು ಪುಸ್ತಕ ಕೇಳುತ್ತಾರೆ, ವಿಷ ಇರುವುದು ಅಲ್ಲಿ ಎನ್ನುವುದು ಅವರ ವಾದ. ವಾದ ದಡ್ಡತನದ್ದೇನಲ್ಲ. ಮಕ್ಕಳು ಹಾಗೇ ಮಾಡುವುದು.

ಅಮೆರಿಕದ ಕ್ಯಾಥೊಲಿಕ್ ಬಿಷಪ್ಪರ ಮಂಡಳಿಗೇ ಒಂದು ಸಿನಿಮಾ ವಿಮರ್ಶೆ ವಿಭಾಗ ಇತ್ತು. ಅದು ಸಿನಿಮಾ ಪರವಾಗಿ ಬರೆಯಿತು. ನಿಷೇಧದ ಬದಲು ಬೆಳೆದ ಮಕ್ಕಳ ಜೊತೆ ಕೂತು ಕಷ್ಟದ ವಿಷಯ ಮಾತಾಡಿ ಎಂದು ಪೋಷಕರಿಗೆ ಸಲಹೆಯನ್ನೂ ಕೊಟ್ಟಿತು. ಡಿಸೆಂಬರಿನಲ್ಲಿ ಸಿನಿಮಾ ತೆರೆಗೆ ಬಂದ ಸ್ವಲ್ಪ ದಿನಕ್ಕೇ ಆ ವಿಮರ್ಶೆ ಮಾಯವಾಯಿತು. ವಾಪಸ್ ತೆಗೆದುಕೊಂಡಿದ್ದರು. ಸುಮಾರು 18 ಕೋಟಿ ಡಾಲರ್ ಖರ್ಚಿನ ಸಿನಿಮಾ ಅಮೆರಿಕದಲ್ಲಿ ಗಳಿಸಿದ್ದು ಬರೀ 7 ಕೋಟಿ. ಹೊರದೇಶಗಳಲ್ಲಿ ಸುಮಾರು 30 ಕೋಟಿ. ಮುಂದಿನ ಎರಡು ಭಾಗ ಬರಲೇ ಇಲ್ಲ. ಬಹಿಷ್ಕಾರದವರು ಗೆದ್ದೆವು ಅಂದರು. ಸಿನಿಮಾ ಅಷ್ಟಕ್ಕಷ್ಟೇ ಇತ್ತು ಅಂದವರೂ ಇದ್ದರು. ನೋಡಿದ ಮೇಲೆ ನಾನು ಎರಡನೇ ಗುಂಪಿನ ಕಡೆ.

ಇದೇ ಕಥೆಗೆ ಇಂಗ್ಲೆಂಡಿನಲ್ಲಿ ಬೇರೆ ಥರದ ಉತ್ತರವೂ ಸಿಕ್ಕಿತ್ತು. 2004ರಲ್ಲಿ ಲಂಡನ್ನಿನ ನ್ಯಾಷನಲ್ ಥಿಯೇಟರ್ ಇದನ್ನು ನಾಟಕ ಮಾಡಿತ್ತು. ನೋಡಲು ಹೋದವರಲ್ಲಿ ಆಗಿನ ಕ್ಯಾಂಟರ್ಬರಿ ಆರ್ಚ್‌ಬಿಷಪ್, ಅಂದರೆ ಇಂಗ್ಲೆಂಡಿನ ಆಂಗ್ಲಿಕನ್ ಚರ್ಚಿನ ಹಿರಿಯ ಧರ್ಮಗುರು, ರೋವನ್ ವಿಲಿಯಮ್ಸ್ ಒಬ್ಬರು. ಸಿಎಸ್‌ಐ ಸಭೆ ಆಂಗ್ಲಿಕನ್ ಒಕ್ಕೂಟಕ್ಕೂ ಸೇರಿದ್ದರಿಂದ ಅವರು ನಮಗೆ ಪೂರ್ತಿ ಹೊರಗಿನವರೇನಲ್ಲ. ಅವರು ನಾಟಕವನ್ನು ಮೆಚ್ಚಿ ಪತ್ರಿಕೆಯಲ್ಲಿ ಬರೆದರು. ಅದೇ ರಂಗಮಂದಿರದಲ್ಲಿ ಪುಲ್ಮನ್ ಜೊತೆ ಕೂತು ಚರ್ಚೆ ಮಾಡಿದರು. ಶಾಲೆಗಳ ಧರ್ಮಶಿಕ್ಷಣದಲ್ಲಿ ಈ ಕಥೆ ಇರಲಿ ಎಂದೂ ಹೇಳಿದರು.

ವಿಲಿಯಮ್ಸ್ ಬರೆದದ್ದರ ಸಾರ ಹೀಗಿದೆ. ಈ ಕಥೆಯ ದೇವರು ಸೃಷ್ಟಿಕರ್ತನೇ ಅಲ್ಲ. ಮೊದಲು ಹುಟ್ಟಿದ ಒಬ್ಬ ದೇವದೂತ. ತಾನೇ ಎಲ್ಲವನ್ನೂ ಮಾಡಿದೆ ಎಂದು ಉಳಿದವರಿಗೆ ಸುಳ್ಳು ಹೇಳಿ ಕೂತವನು. ಅವನಿಗೆ ಸಾವಿದೆ, ಸೋಲಿದೆ. ಅಂಥ ದೇವರನ್ನು ನಂಬಿದ ಚರ್ಚಿಗೆ ಸದಾ ಭಯ. ಭಯ ಇದ್ದಲ್ಲಿ ಹಿಂಸೆ ಬರುತ್ತದೆ.

ನನ್ನ ಇಡೀ ಉತ್ತರ ನಿಂತಿರುವುದು ಈ ಮಾತಿನ ಮೇಲೆ. ಚರ್ಚು ಹೆದರುಪುಕ್ಕಲು, ಪ್ರಶ್ನೆ ಕೇಳಿದರೆ ಸಹಿಸುವುದಿಲ್ಲ, ಪುಸ್ತಕ ಕಿತ್ತುಕೊಳ್ಳುತ್ತದೆ ಎನ್ನುವುದು ಪುಲ್ಮನ್ ಆರೋಪ. ನಾವು ಓದದೇ ಕಿತ್ತುಕೊಂಡರೆ? ಮಗುವಿನ ಕಣ್ಣೆದುರೇ ಅವರ ಪರವಾಗಿ ಸಾಕ್ಷಿ ಹೇಳಿದ ಹಾಗಾಗುತ್ತದೆ, ಅಲ್ವಾ?

ಹಾಗಂತ ಎಲ್ಲವನ್ನೂ ಎಲ್ಲ ಮಕ್ಕಳ ಕೈಗೆ ಕೊಡಿ ಅಂತ ನಾನು ಹೇಳುವುದಿಲ್ಲ. ಚಿಕ್ಕವರನ್ನು ಎಡವಿಸುವವನ ಕೊರಳಿಗೆ ಬೀಸುವ ಕಲ್ಲು ಕಟ್ಟಿ ಸಮುದ್ರಕ್ಕೆ ಹಾಕುವುದೇ ಮೇಲು ಎಂದು ಯೇಸು ಹೇಳಿದ್ದು ನನಗೂ ಗೊತ್ತು. ಪೋಷಕರ ಭಯಕ್ಕೆ ಬೇರು ಅಲ್ಲಿದೆ. ಅದನ್ನು ನಾನು ನಗೆಯಾಡುವುದಿಲ್ಲ. ಎಂಟು ವರ್ಷದ ಮಗುವಿಗೆ ಮಕ್ಕಳನ್ನು ಕತ್ತರಿಸುವ ಕಥೆ ಬೇಡವೇ ಬೇಡ, ಅದು ಚರ್ಚಿನ ವಿರುದ್ಧ ಇರಲಿ ಬಿಡಲಿ. 2007ರ ಸಿನಿಮಾ ಹತ್ತು ಹನ್ನೊಂದಕ್ಕೆ ಪರವಾಗಿಲ್ಲ. ಮೊದಲ ಪುಸ್ತಕ ಹನ್ನೆರಡಕ್ಕೆ, ಲೈರಾಳ ವಯಸ್ಸೂ ಸುಮಾರು ಅಷ್ಟೇ. ಮೂರನೆಯದು ಹದಿನಾಲ್ಕಾದ ಮೇಲೆ, ದೊಡ್ಡವರೂ ಜೊತೆಯಲ್ಲಿ ಓದುತ್ತಿದ್ದರೆ ಮಾತ್ರ. ಇದು ನನ್ನ ಲೆಕ್ಕ. ನಿಮ್ಮ ಮಗು ನಿಮಗೆ ಗೊತ್ತು.

ಮೂರನೆಯದಕ್ಕೆ ಯಾಕೆ ಇಷ್ಟು ಬಿಗಿ? ದೇವರು ಸಾಯುವ ದೃಶ್ಯಕ್ಕೆ ಹೆದರಿ ಅಲ್ಲ. ಮೆಸೇಜುಗಳೆಲ್ಲ ಕಿರುಚುವುದು ಆ ದೃಶ್ಯದ ಬಗ್ಗೆಯೇ, ಆದರೆ ಓದಿದರೆ ಅದು ಬಹಳ ಸಣ್ಣದು. ಹರಳಿನ ಪೆಟ್ಟಿಗೆಯೊಳಗೆ ನಡುಗುತ್ತಿರುವ ಒಬ್ಬ ಹಣ್ಣು ಮುದುಕ. ಇಬ್ಬರು ಮಕ್ಕಳು ಕನಿಕರದಿಂದ ಅವನನ್ನು ಹೊರಗೆ ತರುತ್ತಾರೆ, ಅವನು ಗಾಳಿಯಲ್ಲಿ ಕರಗಿಹೋಗುತ್ತಾನೆ. ನಾನು ಪ್ರಾರ್ಥಿಸುವ ದೇವರಿಗೂ ಆ ಮುದುಕನಿಗೂ ಸಂಬಂಧ ಕಾಣಲಿಲ್ಲ. ಸಂಡೇ ಸ್ಕೂಲಿನಲ್ಲಿ ಸ್ವಲ್ಪ ಕಲಿತ ಮಗುವಿಗೂ ಕಾಣುವುದಿಲ್ಲ.

ನನಗೆ ಭಾರ ಅನಿಸಿದ್ದು ಬೇರೆ ಅಧ್ಯಾಯ. ಅದರ ಬಗ್ಗೆ ಯಾವ ಮೆಸೇಜೂ ನನಗೆ ಬಂದಿಲ್ಲ. ಮೇರಿ ಮಲೋನ್ ಎಂಬ ವಿಜ್ಞಾನಿ ಇದ್ದಾಳೆ, ಹಿಂದೆ ಕ್ಯಾಥೊಲಿಕ್ ಸನ್ಯಾಸಿನಿಯಾಗಿದ್ದವಳು. ತಾನು ನಂಬಿಕೆ ಬಿಟ್ಟದ್ದು ಹೇಗೆ ಎಂದು ಮಕ್ಕಳಿಗೆ ಹೇಳುತ್ತಾಳೆ. ಲಿಸ್ಬನ್ನಿನಲ್ಲಿ ಒಂದು ಊಟದ ಹೊತ್ತು, ಬಾಯಿಗಿಟ್ಟ ಬಾದಾಮಿ ಸಿಹಿ, ಅದರ ರುಚಿಯಿಂದ ನೆನಪಾದ ಹುಡುಗಿಕಾಲದ ಒಂದು ಪ್ರೀತಿ. ಇದನ್ನೆಲ್ಲ ಬಿಟ್ಟು ಬದುಕಿದರೆ ಯಾರಿಗೆ ಲಾಭ ಎಂದು ಅವಳಿಗೆ ಅನಿಸುತ್ತದೆ. ಕೂಗಾಟ ಇಲ್ಲ, ಬೈಗುಳ ಇಲ್ಲ. ಅವಳು ಒಳ್ಳೆಯವಳು, ಅವಳ ಮಾತು ನಿಜ ಅನಿಸುತ್ತದೆ. ಹದಿನಾಲ್ಕರ ಹುಡುಗಿಯ ಮನಸ್ಸಿಗೆ ನಾಟುವುದು ಇದು. ಕೊಲೆಗಾರ ಪಾದ್ರಿ ಅಲ್ಲ, ಅವನು ಬೊಂಬೆಯಾಟದ ರಾಕ್ಷಸ. ಸಂತೋಷಕ್ಕೂ ನಂಬಿಕೆಗೂ ಒಟ್ಟಿಗೆ ಜಾಗ ಇಲ್ಲ ಅನ್ನುವ ಪಾಠ ಸದ್ದಿಲ್ಲದೆ ಒಳಗೆ ಇಳಿಯುತ್ತದೆ. ಇದನ್ನು ಒಪ್ಪುತ್ತೀಯಾ ಅಂತ ಕೇಳಲು ಆಗ ಪಕ್ಕದಲ್ಲಿ ಯಾರಾದರೂ ಇರಬೇಕು. ಯೇಸು ಮಾಡಿದ ಮೊದಲ ಸೂಚಕ ಕಾರ್ಯ ಕಾನಾ ಊರಿನ ಮದುವೆಯಲ್ಲಿ ನೀರನ್ನು ದ್ರಾಕ್ಷಾರಸ ಮಾಡಿದ್ದು ಅಂತ ನೆನಪಿಸಲು ಯಾರಾದರೂ ಇರಬೇಕು.

ಜೊತೆಗೆ, ಒಪ್ಪುವಂಥದ್ದು ಸಿಕ್ಕರೆ ಒಪ್ಪಿಕೊಳ್ಳುವ ಧೈರ್ಯವೂ ಇರಬೇಕು. ಕಥೆಯ ಕೊನೆಯಲ್ಲಿ ಲೈರಾ, ಇನ್ನೊಂದು ಲೋಕದಿಂದ ಬಂದ ಅವಳ ಗೆಳೆಯ ವಿಲ್ ಇಬ್ಬರೂ ಒಬ್ಬರನ್ನೊಬ್ಬರು ಶಾಶ್ವತವಾಗಿ ಬಿಟ್ಟುಕೊಡುತ್ತಾರೆ. ಲೋಕಗಳ ನಡುವೆ ಒಂದೇ ಒಂದು ಕಿಟಕಿ ತೆರೆದಿಡಬಹುದು. ಅದನ್ನು ತಮಗಾಗಿ ಇಟ್ಟುಕೊಳ್ಳದೆ, ಸತ್ತವರು ಬಿಡುಗಡೆ ಆಗಿ ಹೊರಬರಲಿ ಅಂತ ಬಿಡುತ್ತಾರೆ. ಬೇರೆಯವರಿಗಾಗಿ ತನ್ನದನ್ನು ಬಿಡುವುದನ್ನು ನಾವು ಎಲ್ಲಿ ಕಲಿತೆವು? ಪುಲ್ಮನ್ ಚರ್ಚನ್ನು ಎಷ್ಟು ಬೈದರೂ ಅವರ ಕಥೆ ಮುಗಿಯುವುದು ನಮ್ಮ ಅಂಗಳದ ಹತ್ತಿರವೇ.

ಮಕ್ಕಳು ಓದಿದ ಮೇಲೆ ಒಂದು ಪ್ರಶ್ನೆ ಖಂಡಿತ ಕೇಳುತ್ತಾರೆ. "ಚರ್ಚು ನಿಜವಾಗ್ಲೂ ಹೀಗೆಲ್ಲ ಮಾಡಿತ್ತಾ?" ಇಲ್ಲಿ ದಯವಿಟ್ಟು ಸುಳ್ಳು ಹೇಳಬೇಡಿ. ದೂರದ ಯುರೋಪಿಗೆ ಹೋಗುವುದೇ ಬೇಡ, ಪಕ್ಕದ ಗೋವಾದಲ್ಲೇ 1560ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಶುರುವಾಯಿತು. ನಡುವೆ ಕೆಲವು ವರ್ಷ ಬಿಟ್ಟರೆ 1812ರವರೆಗೆ ನಡೆಯಿತು. ಮತಾಂತರವಾದ ಕ್ರೈಸ್ತರೇ ಹಳೇ ಪದ್ಧತಿ ಬಿಟ್ಟಿಲ್ಲ ಎಂದು ಅದರ ಕೈಗೆ ಸಿಕ್ಕರು. ಮಂಗಳೂರು ಕಡೆಯ ಕ್ಯಾಥೊಲಿಕ್ ಮನೆತನಗಳಲ್ಲಿ ಗೋವಾ ಬಿಟ್ಟು ಬಂದ ನೆನಪಿದೆ, ಅದಕ್ಕೆ ಇದ್ದ ಕಾರಣಗಳಲ್ಲಿ ಇದೂ ಒಂದು. ಹೌದು, ನಮ್ಮವರೇ ಮಾಡಿದರು, ತಪ್ಪು ಮಾಡಿದರು ಅಂತ ಮನೆಯಲ್ಲೇ ಕೇಳಿದ ಮಗುವಿಗೆ ಮುಂದೆ ಅದನ್ನು ಹೊರಗಿನವರು ಹೇಳಿದಾಗ ನೆಲ ಕುಸಿದ ಹಾಗೆ ಆಗುವುದಿಲ್ಲ.

ನಮ್ಮ ಪರಿಸ್ಥಿತಿಗೂ ಅಮೆರಿಕಕ್ಕೂ ಒಂದು ವ್ಯತ್ಯಾಸ ಇದೆ, ಅದನ್ನು ಮೆಸೇಜ್ ಕಳಿಸುವವರು ಮರೆಯುತ್ತಾರೆ. ಅಲ್ಲಿ ಕ್ರೈಸ್ತರೇ ಜಾಸ್ತಿ. 2011ರ ಜನಗಣತಿ ಪ್ರಕಾರ ಕರ್ನಾಟಕದಲ್ಲಿ ನಾವು ನೂರಕ್ಕೆ ಎರಡೂ ಇಲ್ಲ, 1.87. ನಮ್ಮ ಮಕ್ಕಳು ಒಂದನೇ ಕ್ಲಾಸಿನಿಂದಲೇ ತಮ್ಮ ದೇವರನ್ನು ನಂಬದವರ ಜೊತೆ ಡಬ್ಬಿ ಹಂಚಿಕೊಂಡು ಬೆಳೆದವರು. "ನಿಮ್ಮ ಯೇಸು ಯಾಕೆ ಶಿಲುಬೆಯಿಂದ ಇಳಿದು ಬರಲಿಲ್ಲ?" ಅಂತ ಬೆಂಚಿನ ಪಕ್ಕದವನು ಕೇಳಿದ್ದಕ್ಕೆ ಉತ್ತರ ಹುಡುಕಿದವರು. ಒಬ್ಬ ಇಂಗ್ಲಿಷ್ ಕಾದಂಬರಿಕಾರ ಅವರನ್ನು ಒಂದೇ ಏಟಿಗೆ ಬೀಳಿಸುತ್ತಾನೆ ಅನ್ನುವುದು ಅವರನ್ನು ಕಡಿಮೆ ಅಂದಾಜು ಮಾಡಿದ ಹಾಗೆ. ಇನ್ನೊಂದು ಮಾತು. ಬೇರೆಯವರು ತಮ್ಮ ಭಾವನೆಗೆ ನೋವಾಯಿತು ಅಂತ ಪುಸ್ತಕ ನಿಲ್ಲಿಸಿದಾಗ ನಮಗೆ ಕಸಿವಿಸಿ ಆಗುತ್ತದೆ. ನಾವೂ ಅದನ್ನೇ ಕೇಳುವ ಮೊದಲು ಸ್ವಲ್ಪ ಯೋಚಿಸಬೇಕು.

"ಬದಲಿಗೆ ಒಳ್ಳೆ ಕ್ರೈಸ್ತ ಕಾರ್ಟೂನ್ ಇದ್ರೆ ಹೇಳಿ" ಅಂತಲೂ ಕೇಳುತ್ತಾರೆ. ಇವೆ. ತುಂಬಾ ಬೋರು. ಎಲ್ಲರೂ ಒಳ್ಳೆಯವರು, ಹತ್ತನೇ ನಿಮಿಷಕ್ಕೆ ಬುದ್ಧಿಮಾತು. ಮಕ್ಕಳಿಗೆ ತಕ್ಷಣ ಗೊತ್ತಾಗುತ್ತದೆ. ಅದರ ಬದಲು ಕ್ರೈಸ್ತ ಲೇಖಕ ಸಿ. ಎಸ್. ಲೂಯಿಸ್ ಮಕ್ಕಳಿಗೆ ಬರೆದ ನಾರ್ನಿಯಾ ಸರಣಿ ಕೊಡಿ. ಆದರೆ ಅದನ್ನೂ ಕಣ್ಣು ಮುಚ್ಚಿ ಕೊಡಬೇಡಿ. ಪುಲ್ಮನ್‌ಗೆ ಅದನ್ನು ಕಂಡರೆ ಆಗುವುದಿಲ್ಲ. ಕೊನೆಯ ಪುಸ್ತಕದಲ್ಲಿ ಸೂಸನ್ ಎಂಬ ಹುಡುಗಿಗೆ ಲಿಪ್‌ಸ್ಟಿಕ್ಕು, ಪಾರ್ಟಿಗಳ ಮೇಲೆ ಆಸೆ ಬಂತು ಅಂತ ಅವಳನ್ನು ಗುಂಪಿನಿಂದ ಬಿಟ್ಟುಬಿಡುತ್ತಾರೆ. ಉಳಿದವರು ರೈಲು ಅಪಘಾತದಲ್ಲಿ ಸತ್ತು ಸ್ವರ್ಗದಂಥ ನಾರ್ನಿಯಾಕ್ಕೆ ಹೋಗುತ್ತಾರೆ. ಇದು ಪುಲ್ಮನ್ ದೂರು. ನನಗೆ ಅರ್ಧ ಸರಿ ಅನಿಸುತ್ತದೆ. ಸೂಸನ್ ವಿಷಯದಲ್ಲಿ ಅವರ ಪರ, ಸಾವಿನ ವಿಷಯದಲ್ಲಿ ಲೂಯಿಸ್ ಪರ. ಎರಡೂ ಸರಣಿ ಓದಿದ ಮಕ್ಕಳ ಜೊತೆ ಈ ಜಗಳ ಆಡುವುದು ಬಹಳ ಮಜಾ.

ಓದಲು ಪುರುಸೊತ್ತಿಲ್ಲ, ಬೇಡ ಅಂತಲೇ ತೀರ್ಮಾನ ಮಾಡುವ ಮನೆಗಳೂ ಇವೆ. ಅದು ಅವರ ಹಕ್ಕು. ಕಾರಣ ಮಾತ್ರ ನಿಜದ್ದು ಹೇಳಿ. "ಅದರಲ್ಲಿ ಸೈತಾನ ಇದ್ದಾನೆ" ಅನ್ನಬೇಡಿ. "ನಾನಿನ್ನೂ ಓದಿಲ್ಲ, ಓದೋ ತನಕ ಬೇಡ" ಅನ್ನಿ. ಆಮೇಲೆ ನಿಜವಾಗಿಯೂ ಓದಬೇಕಾಗುತ್ತದೆ, ಅದೇ ಕಷ್ಟ.

ಮಗು ಆಗಲೇ ಗೆಳೆಯನ ಮನೆಯಲ್ಲಿ ನೋಡಿಬಿಟ್ಟಿದ್ದರೆ? ಗದರಬೇಡಿ, ಆ ಮನೆಗೆ ಫೋನ್ ಮಾಡಿ ಜಗಳವೂ ಬೇಡ. ಕಥೆ ಹೇಳು ಅಂತ ಕೂರಿಸಿಕೊಳ್ಳಿ. ಪೂರ್ತಿ ಹೇಳಲಿ, ನಡುವೆ ತಿದ್ದಬೇಡಿ. ಯಾರು ಇಷ್ಟ ಆದರು, ಯಾರ ಮೇಲೆ ಸಿಟ್ಟು ಬಂತು ಅಂತ ಕೇಳಿ. ಹತ್ತರಲ್ಲಿ ಒಂಬತ್ತು ಸಲ ಉತ್ತರ ಬರುವುದು ಕಥೆಯಲ್ಲಿರುವ, ಮಾತಾಡುವ ಹಿಮಕರಡಿಯ ಬಗ್ಗೆ.